ವಲಸೆಯ ಮಗುವೂ ಎರಡು ದೇಶದ ಪಾಠಶಾಲೆಗಳೂ

ಪರದೇಶಕ್ಕೆ ವಲಸೆಹೋದ ಕುಟುಂಬದ ಮಗುವು ಅಲ್ಲಿಯ ಪಾಠಶಾಲೆಯ ಹೊಸ್ತಿಲನ್ನು ದಾಟುವಾಗ ತನ್ನ ಮನೆಯ ನುಡಿಯನ್ನೂ, ಹಿಂದೆ ಕಲಿತ ಪಾಠವನ್ನೂ, ಆವಶ್ಯಕವಾದರೆ ಹೆಸರನ್ನೂ ಕೂಡ ಪಾದರಕ್ಷೆಗಳಂತೆ ಹೊರಗೆ ಬಿಟ್ಟು ಒಳಹೊಗತಕ್ಕದ್ದೆಂಬ ವಾದವೊಂದು ನಮ್ಮ ವಿದ್ಯಾವಂತರ ಮನೆಗಳಲ್ಲಿ ಈಚೆಗೆ ಬಹು ಬಲವಾಗಿ ಕೇಳಿಬರುತ್ತಿರುವುದು. ಮಗನೋ ಮಗಳೋ ಅಮೆರಿಕಾದಲ್ಲಿ, ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ಹಿರಿಯರೇ ಈ ವಾದದ ಮುಖ್ಯ ಪ್ರವರ್ತಕರು. “ಮಗು ಬೇಗ ಅಲ್ಲಿಯವರಂತೆ ಆಗಲಿ, ಮನೆಯಲ್ಲಿಯೂ ಇಂಗ್ಲೀಷನ್ನೇ ಆಡಿರಿ, ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುವುದೇ ಸೈ” ಎಂದು ಅವರು ದೂರವಾಣಿಯಲ್ಲಿ ಉಪದೇಶಿಸುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಇದು ಹಿತೈಷಿಗಳ ವಾದವೇ ಹೊರತು ದ್ರೋಹಿಗಳ ವಾದವಲ್ಲ. ಆದಕಾರಣವೇ ಇದಕ್ಕೆ ಉತ್ತರ ಹೇಳಬೇಕಾಗಿದೆ. ದ್ರೋಹಿಗಳ ವಾದವಾಗಿದ್ದರೆ ಕೇಳಿಯೂ ಕೇಳದಂತೆ ಇರಬಹುದಾಗಿತ್ತು.

ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಹೇಳದೆ ಖಂಡಿಸಹೊರಟವನು ಗಾಳಿಯೊಡನೆ ಗುದ್ದಾಡಿದವನಾಗುವನೆಂದು ಸಂಸ್ಕೃತ ಪಾಠಶಾಲೆಯಲ್ಲಿ ನಮಗೆ ಪಾಠ ಹೇಳಿದ ಗುರುಗಳು ಎಚ್ಚರಿಸುತ್ತಿದ್ದರು. ಆ ಎಚ್ಚರಿಕೆಯನ್ನು ಅನುಸರಿಸಿ, ವಾದಿಗಳ ಕಡೆಯಲ್ಲಿ ಎಷ್ಟು ಒಳ್ಳೆಯ ದೃಷ್ಟಾಂತವು ದೊರೆಯಬಹುದೋ ಅದನ್ನೇ ಮೊದಲು ಎತ್ತಿಕೊಳ್ಳುವೆನು. ಮೇರಿ ಆಂಟಿನ್ ಎಂಬ ಯೆಹೂದಿ ಹುಡುಗಿಯು 1881ರಲ್ಲಿ ರಷ್ಯಾ ಚಕ್ರಾಧಿಪತ್ಯದ ಪೊಲೊಟ್ಸ್ಕ್ ಎಂಬ ಪಟ್ಟಣದಲ್ಲಿ ಹುಟ್ಟಿದಳು. ಆ ಊರು ಈಗ ಬೆಲರೂಸ್ ದೇಶದಲ್ಲಿದೆ. ಯೆಹೂದಿಗಳು ಇಂಥ ಪ್ರಾಂತಗಳಲ್ಲಿ ಮಾತ್ರ ವಾಸಮಾಡಬೇಕೆಂದು ಗೆರೆ ಎಳೆದಿದ್ದ ಸರಕಾರವದು. 1887ರಲ್ಲಿ ಆ ಸರಕಾರವು ಪ್ರೌಢವಿದ್ಯಾಶಾಲೆಗಳಲ್ಲಿ ಯೆಹೂದಿ ವಿದ್ಯಾರ್ಥಿಗಳ ಸಂಖ್ಯೆಗೂ ಗೆರೆ ಎಳೆಯಿತು: ಆ ಪ್ರಾಂತಗಳೊಳಗೆ ನೂರಕ್ಕೆ 10, ಹೊರಗೆ ನೂರಕ್ಕೆ 5, ರಾಜಧಾನಿಗಳಲ್ಲಿ ನೂರಕ್ಕೆ 3. ಗಂಡುಹುಡುಗರಿಗಾದರೋ ಹೀಬ್ರೂ ಧರ್ಮಪಾಠದ ಮಠವೊಂದಾದರೂ ಇತ್ತು. ಹೆಣ್ಣುಮಕ್ಕಳಿಗೆ ಅಲ್ಪಸ್ವಲ್ಪ ಮನೆಪಾಠವೇ ಗತಿ. ಆಂಟಿನಳ ತಂದೆ 1891ರಲ್ಲಿ ಅಮೆರಿಕಾಕ್ಕೆ ಹೋದನು. 1894ರಲ್ಲಿ ತಾಯಿಯೂ ಮಕ್ಕಳೂ ಅವನನ್ನು ಸೇರಿಕೊಂಡರು. ಬಾಸ್ಟನ್ನಿನ ಬಳಿಯ ಚೆಲ್ಸೀ ಊರಿನಲ್ಲಿ ಆ ತಂದೆಯು ಮಕ್ಕಳನ್ನು ತಾನೇ ಕರೆದುಕೊಂಡು ಹೋಗಿ ಶಾಲೆಗೆ ಒಪ್ಪಿಸಿದನು. ಹಣ ಕೇಳುವವರಿಲ್ಲ, ಕುಲ ಕೇಳುವವರಿಲ್ಲ, ಬಾಗಿಲು ತೆರೆದಿದೆ. ಆ ಹುಡುಗಿ ಕೆಲವೇ ವರ್ಷಗಳಲ್ಲಿ ಇಂಗ್ಲೀಷಿನಲ್ಲಿ ಪದ್ಯ ಬರೆದು ಪತ್ರಿಕೆಯಲ್ಲಿ ಅಚ್ಚುಮಾಡಿಸಿದಳು. 1912ರಲ್ಲಿ ‘ದಿ ಪ್ರಾಮಿಸ್ಡ್ ಲ್ಯಾಂಡ್’ ಎಂಬ ತನ್ನ ಚರಿತ್ರೆಯನ್ನು ಬರೆದು ಆ ದೇಶದಲ್ಲೆಲ್ಲ ಖ್ಯಾತಳಾದಳು.

“ನೋಡಿದಿರಾ! ಹಳೆಯದನ್ನು ಬಿಟ್ಟಳು, ಹೊಸದನ್ನು ಹಿಡಿದಳು, ಗೆದ್ದಳು” ಎಂದು ವಾದಿಗಳು ಹೇಳುವರು. ಅವಳ ಸಂತೋಷವು ಸುಳ್ಳೆಂದು ನಾನು ಹೇಳುವುದಿಲ್ಲ. ಬಾಗಿಲು ಮುಚ್ಚಿದ ದೇಶದಿಂದ ಬಾಗಿಲು ತೆರೆದ ದೇಶಕ್ಕೆ ಬಂದ ಮಗುವಿನ ಕೃತಜ್ಞತೆಯನ್ನು ಹಗುರಾಗಿ ಕಾಣುವವನು ಉಪಾಧ್ಯಾಯನಾಗಲು ಯೋಗ್ಯನಲ್ಲ. ಆದರೆ ಅವಳ ಪುಸ್ತಕವನ್ನು ಹೊಗಳುವವರಲ್ಲಿ ಎಷ್ಟು ಮಂದಿ ಅದನ್ನು ಓದಿರುವರೋ ಎಂಬುದೇ ನನ್ನ ಸಂದೇಹ. ಓದಿದವರಿಗೆ ತಿಳಿದಿರುವ ಮೂರು ನಾಲ್ಕು ಸಂಗತಿಗಳನ್ನು ಇಲ್ಲಿ ಹೇಳಬೇಕಾಗಿದೆ.

ಆ ಹುಡುಗಿ ಬರಿಗೈಯಲ್ಲಿ ಬಂದವಳಲ್ಲ. ಪೊಲೊಟ್ಸ್ಕಿನಲ್ಲಿ ಅವಳಿಗೆ ಹೀಬ್ರೂ ಅಕ್ಷರಗಳ ಪಾಠವಾಗಿತ್ತು, ರಷ್ಯನ್ ಭಾಷೆಯ ಪರಿಚಯವಾಗಿತ್ತು, ಮನೆಯಲ್ಲಿ ಯಿದ್ದಿಷ್ ಮಾತಿತ್ತು. ಒಂದು ಲಿಪಿಯನ್ನು ಬಲ್ಲ ಮಗುವಿಗೆ ಎರಡನೆಯ ಲಿಪಿಯು ಎಷ್ಟು ಸುಲಭವೆಂಬುದನ್ನು ಅಕ್ಷರಾಭ್ಯಾಸ ಮಾಡಿಸಿದ ಯಾರನ್ನಾದರೂ ಕೇಳಿ ತಿಳಿಯಬಹುದು. ಇನ್ನು ಚೆಲ್ಸೀ ಶಾಲೆಯ ಉಪಾಧ್ಯಾಯಿನಿ ಮಾಡಿದ್ದೇನು? ಹದಿಮೂರು ವರ್ಷದ ಹುಡುಗಿಯನ್ನು ಎಳೆಯ ಮಕ್ಕಳ ತರಗತಿಯಲ್ಲಿ ಕೂರಿಸಿದ್ದೇನೋ ನಿಜ. ಆದರೆ ಮಿಸ್ ನಿಕ್ಸನ್ ಎಂಬ ಆ ಪುಣ್ಯವತಿಯು ಇಂಗ್ಲೀಷು ಬಾರದ ಐದಾರು ಪರದೇಶೀ ಮಕ್ಕಳನ್ನು ಬೇರೆಯಾಗಿ ಕೂಡಿಸಿಕೊಂಡು, ಅವರಿಗಾಗಿಯೇ ಪ್ರತ್ಯೇಕ ಪಾಠವನ್ನು ಹೇಳಿದಳು. ವಾದಿಗಳಾದರೋ ನೀರಿಗೆ ತಳ್ಳಿದರೆ ಈಜು ತಾನಾಗಿಯೇ ಬರುವುದೆನ್ನುವರು. ಅವರ ಉತ್ತಮ ದೃಷ್ಟಾಂತದಲ್ಲಿಯೇ ನೀರಿಗೆ ತಳ್ಳಿದವರು ಯಾರೂ ಇಲ್ಲ. ಕೈಹಿಡಿದು ಈಜು ಕಲಿಸಿದವಳೊಬ್ಬಳಿದ್ದಾಳೆ. ತರ್ಕಶಾಸ್ತ್ರದಲ್ಲಿ ಇಂಥದಕ್ಕೆ ಸಾಧನವಿಕಲ ದೃಷ್ಟಾಂತವೆಂದು ಹೆಸರು. ಯಾವ ಹೇತುವನ್ನು ತೋರಿಸಲು ದೃಷ್ಟಾಂತವನ್ನು ತಂದರೋ ಆ ಹೇತುವೇ ದೃಷ್ಟಾಂತದಲ್ಲಿ ಕಾಣದು.

ಇದಕ್ಕಿಂತ ಸ್ವಾರಸ್ಯವಾದ ಸಂಗತಿಯೊಂದಿದೆ. 1912ರ ಪುಸ್ತಕವು ಅವಳ ಮೊದಲ ಪುಸ್ತಕವಲ್ಲ. ಅಮೆರಿಕಾಕ್ಕೆ ಬಂದ ಹೊಸದರಲ್ಲಿ ಅವಳು ಊರಿನಲ್ಲಿದ್ದ ಸೋದರಮಾವನಿಗೆ ತಮ್ಮ ಪ್ರಯಾಣದ ವೃತ್ತಾಂತವನ್ನು ದೀರ್ಘವಾದ ಕಾಗದವಾಗಿ ಬರೆದಳು. ಯಿದ್ದಿಷ್ ಭಾಷೆಯಲ್ಲಿ! ಆಮೇಲೆ ಅದನ್ನು ತಾನೇ ಇಂಗ್ಲೀಷಿಗೆ ತಿರುಗಿಸಿದಳು. ಅದು 1899ರಲ್ಲಿ ಬಾಸ್ಟನ್ನಿನಲ್ಲಿ ‘ಫ್ರಮ್ ಪ್ಲೊಟ್ಸ್ಕ್ ಟು ಬಾಸ್ಟನ್’ ಎಂಬ ಹೆಸರಿನಿಂದ ಅಚ್ಚಾಯಿತು. ಮನೆಯ ನುಡಿಯನ್ನು ಹಡಗಿನಲ್ಲಿಯೇ ಬಿಟ್ಟು ಇಳಿದಿದ್ದರೆ ಆ ಪುಸ್ತಕವೆಲ್ಲಿ? ವಾದಿಗಳ ನಾಯಿಕೆಯು ವಾದಿಗಳ ಮಾತನ್ನು ಕೇಳಲಿಲ್ಲವೆಂಬುದು ಅವಳ ಭಾಗ್ಯ.

ಅವಳ ಅಕ್ಕನ ಸಂಗತಿಯನ್ನೂ ಮರೆಯಬಾರದು. ತಂಗಿ ಶಾಲೆಗೆ ಹೋದಳು, ಅಕ್ಕ ಹೊಲಿಗೆಯ ಕೆಲಸಕ್ಕೆ ಹೋದಳು. ಒಂದೇ ಹಡಗು, ಒಂದೇ ತಾಯಿ. ಮಕ್ಕಳು ಹೊಸ ದೇಶದ ಮಾತನ್ನು ಕಲಿತು ತಂದೆತಾಯಿಗಳಿಗೆ ದುಭಾಷಿಗಳಾದಂತೆ, ಮನೆಯಲ್ಲಿ ಹಿರಿಯರ ಮಾತಿಗೆ ಬೆಲೆ ಕಡಮೆಯಾಗಿ, ಒಳಗೊಳಗೇ ಮನೆಯು ಸಡಿಲಿಹೋಯಿತೆಂದು ಆಂಟಿನಳೇ ವ್ಯಸನದಿಂದ ಬರೆದಿರುವಳು. ಅವಳ ಜಯದ ಬೆಲೆಯನ್ನು ಯಾರು ಯಾರು ತೆತ್ತರೆಂಬುದು ಅವಳಿಗೆ ಗೊತ್ತಿತ್ತು. ಅವಳನ್ನು ಎತ್ತಿ ಆಡುವವರಿಗೆ ಗೊತ್ತಿಲ್ಲ.

1899ರ ಆ ಪುಸ್ತಕಕ್ಕೆ ಮುನ್ನುಡಿ ಬರೆದವನು ಇಸ್ರೇಲ್ ಜಾಂಗ್‌ವಿಲ್ ಎಂಬ ಆಂಗ್ಲ ಸಾಹಿತಿ. ಇವನೇ 1908ರಲ್ಲಿ ಅಮೆರಿಕಾ ದೇಶವನ್ನು ಕರಗಿಸುವ ಮೂಸೆಗೆ ಹೋಲಿಸಿ ನಾಟಕವನ್ನು ರಚಿಸಿದನು. ಆ ಉಪಮಾನವು ಲೋಕದ ಬಾಯಲ್ಲೆಲ್ಲ ಓಡಾಡಿತು. ಇರಲಿ, ಮೂಸೆಯೇ ಆಗಲಿ. ನಮ್ಮ ಊರಿನ ಅಕ್ಕಸಾಲಿಗನು ಹಳೆಯ ಒಡವೆಯನ್ನು ಮೂಸೆಗೆ ಹಾಕುವುದಕ್ಕೆ ಮುಂಚೆ ಅದನ್ನು ತಕ್ಕಡಿಯಲ್ಲಿಟ್ಟು ತೂಗುತ್ತಾನೆ, ಒರೆಗಲ್ಲಿಗೆ ಹಚ್ಚುತ್ತಾನೆ, ಇಷ್ಟು ತೂಕ, ಇಂಥ ಬಣ್ಣ ಎಂದು ಒಡೆಯನ ಎದುರಿಗೆ ಹೇಳುತ್ತಾನೆ. ತೂಗದೆ ಕರಗಿಸಿದವನನ್ನು ಕಳ್ಳನೆನ್ನುತ್ತೇವೆ. ನನ್ನ ಆಕ್ಷೇಪಣೆಯೆಲ್ಲ ಇಷ್ಟೇ: ವಲಸೆ ಬಂದ ಮಗುವನ್ನು ಪಾಠಶಾಲೆಗಳು ತೂಗುವುದಿಲ್ಲ.

ತೂಗದೆ ಹಾಕಿದಾಗ ಏನಾಗುವುದೆಂಬುದಕ್ಕೆ ಲಿಯೊನಾರ್ಡ್ ಕೊವೆಲ್ಲೊ ಎಂಬ ಮಹನೀಯನ ಚರಿತ್ರೆಯನ್ನು ನೋಡಬಹುದು. ಈತನು ನಮ್ಮ ವೃತ್ತಿಯವನು. ನ್ಯೂಯಾರ್ಕಿನಲ್ಲಿ ಇಪ್ಪತ್ತೆರಡು ವರ್ಷ ಒಂದು ಹೈಸ್ಕೂಲಿನ ಮುಖ್ಯೋಪಾಧ್ಯಾಯನಾಗಿದ್ದವನು. 1887ರಲ್ಲಿ ದಕ್ಷಿಣ ಇಟಲಿಯ ಬಸಿಲಿಕಾಟ ಸೀಮೆಯ ಅವಿಲ್ಯಾನೊ ಎಂಬ ಬೆಟ್ಟದ ಊರಿನಲ್ಲಿ ಹುಟ್ಟಿ, ಅಲ್ಲಿಯ ಶಾಲೆಯಲ್ಲಿ ಬೆತ್ತದ ರುಚಿಯನ್ನು ಕಂಡು, 1896ರಲ್ಲಿ ತಾಯಿ ತಮ್ಮಂದಿರೊಡನೆ ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್ ಕೇರಿಗೆ ಬಂದನು. ತಂದೆಯು ಕೆಲವು ವರ್ಷ ಮೊದಲೇ ಅಲ್ಲಿಗೆ ಹೋಗಿ ಕೂಲಿ ಮಾಡುತ್ತಿದ್ದನು. ಹುಡುಗನನ್ನು ಧರ್ಮಾರ್ಥವಾಗಿ ನಡೆಯುತ್ತಿದ್ದ ಶಾಲೆಯೊಂದಕ್ಕೆ ಸೇರಿಸಿದರು. ಮಧ್ಯಾಹ್ನ ಮಕ್ಕಳಿಗೆ ಒಂದು ಬೋಗುಣಿ ಸೂಪನ್ನು ಕೊಡುತ್ತಿದ್ದುದರಿಂದ ಕೇರಿಯವರು ಅದನ್ನು ಸೂಪಿನ ಶಾಲೆಯೆಂದೇ ಕರೆಯುತ್ತಿದ್ದರು. ಅಲ್ಲಿ ಬಾಯಿಪಾಠವೇ ಪ್ರಧಾನ. ಅರ್ಥವಾಗದ ಇಂಗ್ಲೀಷು ಪದಗಳನ್ನು ಎಲ್ಲ ಮಕ್ಕಳೂ ಒಂದೇ ಕಂಠದಿಂದ ಕೂಗಬೇಕು. (ಬಾಯಿಪಾಠವನ್ನು ನಾನು ಹಳಿಯುವವನಲ್ಲ, ಅಮರಕೋಶವನ್ನು ಬಾಯಿಪಾಠ ಮಾಡಿಯೇ ಅನ್ನ ಕಂಡವನು. ಆದರೆ ನಮ್ಮ ಗುರುಗಳು ಸಂಜೆಯ ಹೊತ್ತಿಗೆ ಅದರ ಅರ್ಥವನ್ನು ಕನ್ನಡದಲ್ಲಿ ಹೇಳುತ್ತಿದ್ದರು.)

ಒಂದು ದಿನ ಆ ಶಾಲೆಯವರು ಮಕ್ಕಳ ಕೈಯಲ್ಲಿ ಓಟು ಧಾನ್ಯದ ಪೊಟ್ಟಣವನ್ನು ಕೊಟ್ಟು, ಮನೆಯವರಿಗೆ ಪುಷ್ಟಿಕರವಾದ ಆಹಾರವೆಂದು ಕಳುಹಿದರು. ದಯೆಯಿಂದಲೇ ಕಳುಹಿದರೆನ್ನೋಣ. ಹುಡುಗನ ತಂದೆಯು ಅದನ್ನು ಅಂಗೈಯಲ್ಲಿ ಸುರಿದು ನೋಡಿ ಕಿಡಿಕಿಡಿಯಾದನು. ಅವನ ಊರಿನಲ್ಲಿ ಅದು ದನಕರುಗಳಿಗೆ ಹಾಕುವ ಮೇವು. ಇದೆಂಥ ಶಾಲೆ, ಪಶುಗಳ ಗ್ರಾಸವನ್ನು ಮಕ್ಕಳ ಕೈಯಲ್ಲಿ ಮನೆಗೆ ಕಳುಹಿಸುವುದೇ ಎಂದು ಅವನ ಕೋಪ. ಆ ಶಾಲೆಯವರು ಆ ಮನೆಯ ಹೊಸ್ತಿಲನ್ನು ಒಮ್ಮೆ ಮೆಟ್ಟಿ ಏನು ಉಣ್ಣುತ್ತೀರಿ ಎಂದು ಕೇಳಿದ್ದರೆ ಈ ಅವಮಾನವು ಆಗುತ್ತಿರಲಿಲ್ಲ. ಕೊಡುವವನು ತೆಗೆದುಕೊಳ್ಳುವವನನ್ನು ಅರಿಯದೆ ಕೊಟ್ಟ ದಾನವು ಹೀಗೆಯೇ. ದನಕ್ಕೆ ಹಾಕಿದ್ದನ್ನು ಮನೆಗೆ ಕಳುಹಿದ್ದಾರೆಂದು ತಂದೆ ನೊಂದನು. ತಂದೆಗೆ ಏನೂ ತಿಳಿಯದೆಂದು ಮಗನು ನಾಚಿದನು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ನಡುವೆ ಸಿಕ್ಕಿದ್ದು ಮಗು.

ಆ ಮೇಲೆ ಹೆಸರಿನ ಸಂಗತಿ. ಇವರ ಮನೆತನದ ನಿಜವಾದ ಹೆಸರು ಕೊವಿಯೆಲ್ಲೊ. ಶಾಲೆಯ ಉಪಾಧ್ಯಾಯಿನಿಗೆ ಅದನ್ನು ಉಚ್ಚರಿಸುವುದು ತೊಡಕಾಗಿ ಕಂಡಿತು. ನಡುವಿನ ಇಕಾರವನ್ನು ಕಿತ್ತುಹಾಕಿ ಕೊವೆಲ್ಲೊ ಎಂದು ಬರೆದಳು. ಮನೆಯಲ್ಲಿ ತಂದೆಯು ಪ್ರಗತಿಪತ್ರಕ್ಕೆ ರುಜು ಹಾಕುವಾಗ ಇದು ಹೊರಬಿದ್ದಿತು. ಮನುಷ್ಯನ ಮಾನವು ಹೆಸರಿನಲ್ಲಿದೆ, ಅದು ಬದಲಾಯಿಸಿ ತೊಡುವ ಅಂಗಿಯಲ್ಲ ಎಂಬರ್ಥದಲ್ಲಿ ತಾಯಿ ಹೇಳಿದಳು. ನಿಮಗೆ ತಿಳಿಯದು ಎಂದು ಮಗನು ಉತ್ತರಕೊಟ್ಟನು. ಒಂದಕ್ಷರವಷ್ಟೇ, ಅದರಿಂದೇನಾಯಿತು ಎಂದು ಕೆಲವರು ಕೇಳಬಹುದು. ವೈಯಾಕರಣರ ಮತದಲ್ಲಿ ಲೋಪವೆಂದರೆ ಕಾಣದಿರುವುದೇ ಹೊರತು ಇಲ್ಲದಿರುವುದಲ್ಲ. ಪ್ರತ್ಯಯವು ಲೋಪವಾದರೂ ಅದರ ನಿಮಿತ್ತವಾದ ಕಾರ್ಯವು ನಡೆದೇ ನಡೆಯುತ್ತದೆ. ಆ ಇಕಾರವು ಲೋಪವಾದ ಮೇಲೂ ಅದರ ಕಾರ್ಯವು ಆ ಮನೆಯಲ್ಲಿ ನಡೆಯಿತು. ಆ ಕೇರಿಯ ಹುಡುಗರು ತಮ್ಮ ತಂದೆತಾಯಿಗಳು ಶಾಲೆಯ ಕಡೆಗೆ ಬಾರದಂತೆ ನೋಡಿಕೊಳ್ಳುತ್ತಿದ್ದರು. ತಾಯಿಯ ತಲೆವಸ್ತ್ರವೂ ಮಾತೂ ಸಹಪಾಠಿಗಳ ಕಣ್ಣಿಗೆ ಬಿದ್ದೀತೆಂಬ ಭಯ. ತಾಯಿಯನ್ನು ಬಚ್ಚಿಡುವುದನ್ನು ಕಲಿಸಿದ ಪಾಠಶಾಲೆಯು ಲೆಕ್ಕವನ್ನು ಎಷ್ಟು ಚೆನ್ನಾಗಿ ಕಲಿಸಿದರೆ ತಾನೇ ಏನು!

ಇಲ್ಲಿ ನಮ್ಮವರ ಇನ್ನೊಂದು ಪಂಗಡಕ್ಕೂ ಒಂದು ಮಾತು ಹೇಳಬೇಕು. “ನೋಡಿ, ಪರದೇಶದ ಶಾಲೆ ಇಂಥದು; ಸ್ವದೇಶದ ಶಾಲೆಯೇ ಲೇಸು” ಎಂದು ಅವರು ಈಗಾಗಲೇ ಮೀಸೆ ತಿರುವುತ್ತಿರಬಹುದು. ಅವಿಲ್ಯಾನೊ ಶಾಲೆಯು ಸ್ವದೇಶದ ಶಾಲೆಯೇ ಆಗಿತ್ತು. ಇಟಲಿಯಲ್ಲಿ 1877ರ ಶಾಸನವು ಮಕ್ಕಳಿಗೆ ಕಡ್ಡಾಯ ಶಿಕ್ಷಣವನ್ನು ವಿಧಿಸಿದ್ದರೂ ದಕ್ಷಿಣದ ರೈತಾಪಿ ಜನರಲ್ಲಿ ಓದಬಲ್ಲವರು ಬಹು ವಿರಳ. ಶಾಲೆಯಲ್ಲಿ ಕಲಿಸುತ್ತಿದ್ದುದು ಫ್ಲಾರೆನ್ಸಿನ ಕಡೆಯ ಗ್ರಾಂಥಿಕ ಇಟಾಲಿಯನ್. ಮನೆಯಲ್ಲಿ ಆಡುತ್ತಿದ್ದುದು ಅದರಿಂದ ಬಹು ದೂರವಾದ ಬೆಟ್ಟಸೀಮೆಯ ನುಡಿ. ಮನೆಯ ಮಾತು ಒರಟು, ಶಾಲೆಯ ಮಾತು ಸಭ್ಯ ಎಂಬ ಮೊದಲನೆಯ ಪಾಠವನ್ನು ಆ ಮಕ್ಕಳು ಹಡಗು ಹತ್ತುವುದಕ್ಕೆ ಮುಂಚೆಯೇ ಕಲಿತಿದ್ದರು. ನ್ಯೂಯಾರ್ಕು ಎರಡನೆಯ ಪಾಠವನ್ನು ಹೇಳಿತು, ಅಷ್ಟೆ. ಎರಡು ದೇಶದ ಶಾಲೆಗಳನ್ನು ತೂಗಿ ನೋಡುವುದಾದರೆ ಬೆತ್ತವು ಎರಡರಲ್ಲಿಯೂ ಇತ್ತು. ಒಂದರಲ್ಲಿ ಮುಂದಕ್ಕೆ ದಾರಿಯಿರಲಿಲ್ಲ, ಇನ್ನೊಂದರಲ್ಲಿ ದಾರಿಯಿತ್ತು. ಆ ದಾರಿಯನ್ನು ಕೊಟ್ಟ ಹಿರಿಮೆಯನ್ನು ಅಮೆರಿಕಾಕ್ಕೆ ಕೊಡದಿರುವುದು ಅನ್ಯಾಯ.

ವಾದಿಗಳು ಈ ಎಡೆಯನ್ನೇ ಹಿಡಿಯುವರು. “ಅದೇ ಸೂಪಿನ ಶಾಲೆಯ ಹುಡುಗನು ವಿದ್ಯಾರ್ಥಿವೇತನವನ್ನು ಗೆದ್ದು ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋಗಿ, 1911ರಲ್ಲಿ ಪದವೀಧರನಾಗಿ, ಕಡೆಗೆ ಮುಖ್ಯೋಪಾಧ್ಯಾಯನಾಗಲಿಲ್ಲವೆ? ಮೂಸೆಯು ತನ್ನ ಕೆಲಸವನ್ನು ಮಾಡಿತಲ್ಲ!” ಇದು ಸವ್ಯಭಿಚಾರ ಹೇತು. ಅದೇ ಬೆಂಚಿನ ಮೇಲೆ, ಅದೇ ಬೆತ್ತದ ಕೆಳಗೆ ಕುಳಿತಿದ್ದ ಅವನ ಕೇರಿಯ ಹುಡುಗರಲ್ಲಿ ಹೈಸ್ಕೂಲಿನ ಮುಖವನ್ನು ಕಂಡವರು ಕೆಲವರೇ. ಮಿಕ್ಕವರು ಕೂಲಿಗೆ ಹೋದರು. ಗೆದ್ದವನಲ್ಲಿಯೂ ಸೋತವರಲ್ಲಿಯೂ ಸಮಾನವಾಗಿ ಇರುವ ಹೇತುವು ಗೆಲವಿಗೆ ಕಾರಣವೆಂದು ಹೇಗೆ ಸಾಧಿಸುವಿರಿ? ಹೊಗೆಯಿದ್ದಲ್ಲಿ ಬೆಂಕಿಯೆನ್ನಬಹುದು, ಮರವಿದ್ದಲ್ಲೆಲ್ಲ ಬೆಂಕಿಯೆನ್ನಲಾಗದು.

ಮತ್ತು ಗೆದ್ದವನೇ ಈ ವಿಷಯದಲ್ಲಿ ಏನು ಮಾಡಿದನೆಂಬುದನ್ನು ನೋಡೋಣ. ತಾನು ಪಟ್ಟ ಪಾಡು ಸರಿಯಾಗಿತ್ತೆಂದು ಅವನು ಎಣಿಸಿದ್ದರೆ ತನ್ನ ಶಿಷ್ಯರಿಗೂ ಅದನ್ನೇ ಮಾಡುತ್ತಿದ್ದನು. ಅವನು ಮಾಡಿದ್ದು ಅದರ ತಲೆಕೆಳಗು. ನ್ಯೂಯಾರ್ಕಿನ ಹೈಸ್ಕೂಲುಗಳಲ್ಲಿ ಫ್ರೆಂಚ್ ಮೊದಲಾದ ಭಾಷೆಗಳಿಗೆ ಸ್ಥಾನವಿತ್ತು. ಸಾವಿರಾರು ಇಟಾಲಿಯನ್ ಮಕ್ಕಳಿದ್ದರೂ ಇಟಾಲಿಯನ್ನಿಗೆ ಸರಿಸಮಾನವಾದ ಸ್ಥಾನವಿರಲಿಲ್ಲ. ಈ ಇಟಲಿಯವನು ಆ ಊರಿನಲ್ಲಿ ಫ್ರೆಂಚ್ ಪಾಠ ಹೇಳಿ ಜೀವಿಸಬೇಕಾಯಿತು! ಅವನೂ ಅವನ ಮಿತ್ರರೂ ಮನೆಮನೆಗೆ ತಿರುಗಿ, ತಂದೆತಾಯಿಗಳ ಸಮ್ಮತಿಯನ್ನು ಸಂಪಾದಿಸಿ, ಶಿಕ್ಷಣ ಮಂಡಲಿಯೊಡನೆ ಹೋರಾಡಿ, 1922ರಲ್ಲಿ ಇಟಾಲಿಯನ್ನಿಗೆ ಸಮಸ್ಥಾನವನ್ನು ಪಡೆದರು. 1934ರಲ್ಲಿ ಈಸ್ಟ್ ಹಾರ್ಲೆಮಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಹೈಸ್ಕೂಲು ಸ್ಥಾಪಿತವಾದಾಗ ಅವನೇ ಅದರ ಮುಖ್ಯಸ್ಥನಾದನು, 1956ರವರೆಗೆ ಅಲ್ಲಿದ್ದನು. ಯಾವ ತಂದೆತಾಯಿಗಳನ್ನು ಹುಡುಗರು ಬಚ್ಚಿಡುತ್ತಿದ್ದರೋ ಅವರನ್ನೇ ಶಾಲೆಯೊಳಕ್ಕೆ ಬರಮಾಡಿಕೊಂಡನು. ರಾತ್ರಿ ವೇಳೆ ಅವರಿಗೂ ಪಾಠ ನಡೆಯಿತು. ಇಟಾಲಿಯನ್ನರಾದ ಮೇಲೆ ಪೋರ್ಟೊರಿಕೊ ದ್ವೀಪದವರು ಆ ಕೇರಿಗೆ ಬಂದರು. ಅವರನ್ನೂ ಅದೇ ರೀತಿಯಲ್ಲಿ ಕಂಡನು. 1944ರಲ್ಲಿ ಡಾಕ್ಟರೇಟ್ ಪದವಿಗಾಗಿ ಅವನು ಬರೆದ ದೊಡ್ಡ ಗ್ರಂಥದ ವಿಷಯವೇ ಇಟಾಲಿಯನ್ ವಿದ್ಯಾರ್ಥಿಯ ಮನೆಯ ಹಿನ್ನೆಲೆ, ಅರ್ಥಾತ್ ಸೂಪಿನ ಶಾಲೆಯು ಕೇಳದೆಹೋದ ಪ್ರಶ್ನೆ. ಹೆಸರಿನ ಇಕಾರವನ್ನು ಮಾತ್ರ ಅವನು ತಿರುಗಿ ಸೇರಿಸಿಕೊಳ್ಳಲಿಲ್ಲ. 1958ರಲ್ಲಿ ಪ್ರಕಟವಾದ ಆತ್ಮಚರಿತ್ರೆಯ ಮೇಲೂ ಉಪಾಧ್ಯಾಯಿನಿಯು ಕೊಟ್ಟ ಹೆಸರೇ ಇದೆ.

ಕೊವೆಲ್ಲೊ ಒಬ್ಬ ವ್ಯಕ್ತಿ. ಶಾಸನವೇನು ಹೇಳುವುದೆಂದು ಕೇಳುವವರಿದ್ದಾರೆ. ಮೊದಲನೆಯ ಮಹಾಯುದ್ಧದ ಬಿಸಿಯಲ್ಲಿ, 1919ರಲ್ಲಿ, ಅಮೆರಿಕಾದ ನೆಬ್ರಾಸ್ಕ ಸಂಸ್ಥಾನವು ಎಂಟನೆಯ ತರಗತಿಯನ್ನು ಮುಗಿಸದ ಮಕ್ಕಳಿಗೆ ಇಂಗ್ಲೀಷಲ್ಲದ ಇನ್ನಾವ ಜೀವಂತಭಾಷೆಯನ್ನೂ ಕಲಿಸಕೂಡದೆಂದು ಕಾಯಿದೆ ಮಾಡಿತು. ರಾಬರ್ಟ್ ಮೇಯರ್ ಎಂಬ ಉಪಾಧ್ಯಾಯನು ಹತ್ತು ವರ್ಷದ ಬಾಲಕನೊಬ್ಬನಿಗೆ ಜರ್ಮನ್ ಭಾಷೆಯ ಬೈಬಲ್ ಕಥೆಗಳನ್ನು ಓದಿಸಿದ ಅಪರಾಧಕ್ಕಾಗಿ 25 ಡಾಲರ್ ದಂಡಕ್ಕೆ ಗುರಿಯಾದನು. ಅವನು ದಂಡ ಕಟ್ಟಿ ಸುಮ್ಮನಾಗಲಿಲ್ಲ. 1923ರಲ್ಲಿ ಆ ದೇಶದ ಶ್ರೇಷ್ಠ ನ್ಯಾಯಾಲಯವು ಕಾಯಿದೆಯನ್ನೇ ತಳ್ಳಿಹಾಕಿತು. ಓದಿಸಿದ್ದಕ್ಕೆ ದಂಡ! ಉಪಾಧ್ಯಾಯರ ಚರಿತ್ರೆಯನ್ನು ಯಾರಾದರೂ ಬರೆದರೆ ಆ 25 ಡಾಲರಿಗೆ ಒಂದು ಅಧ್ಯಾಯವೇ ಬೇಕು.

ನನ್ನ ವಾದಕ್ಕೆ ಇದಕ್ಕಿಂತ ಹತ್ತಿರವಾದದ್ದು 1974ರ ಲೌ ಮತ್ತು ನಿಕೋಲ್ಸ್ ವ್ಯಾಜ್ಯ. ಸಾನ್ ಫ್ರಾನ್ಸಿಸ್ಕೊ ನಗರದ ಸರಕಾರಿ ಶಾಲೆಗಳಲ್ಲಿ ಇಂಗ್ಲೀಷು ತಿಳಿಯದ ಚೀಣೀ ಮಕ್ಕಳು ಸುಮಾರು 2,800 ಮಂದಿಯಿದ್ದರು. ಅವರಲ್ಲಿ ಸುಮಾರು 1,000 ಮಂದಿಗೆ ಮಾತ್ರ ಪ್ರತ್ಯೇಕ ಭಾಷಾಪಾಠವು ದೊರೆಯುತ್ತಿತ್ತು; ಉಳಿದ 1,800 ಮಕ್ಕಳು ದಿನವೆಲ್ಲ ಅರ್ಥವಾಗದ ಮಾತನ್ನು ಕೇಳುತ್ತ ಕುಳಿತಿರುತ್ತಿದ್ದರು. ಅಧಿಕಾರಿಗಳ ಉತ್ತರವು ನಮ್ಮ ವಾದಿಗಳ ಉತ್ತರವೇ: ಎಲ್ಲರಿಗೂ ಅದೇ ಕೊಠಡಿ, ಅದೇ ಪುಸ್ತಕ, ಅದೇ ಉಪಾಧ್ಯಾಯ, ಇನ್ನೇನು ಪಕ್ಷಪಾತ? ಕೆಳಗಿನ ಎರಡು ನ್ಯಾಯಾಲಯಗಳೂ ಇದನ್ನು ಒಪ್ಪಿದುವು. ಶ್ರೇಷ್ಠ ನ್ಯಾಯಾಲಯವು ಒಪ್ಪಲಿಲ್ಲ. ಭಾಷೆ ತಿಳಿಯದವನ ಮುಂದೆ ಒಂದೇ ಪುಸ್ತಕವನ್ನಿಟ್ಟ ಮಾತ್ರಕ್ಕೆ ಸಮತ್ವವಾಗುವುದಿಲ್ಲವೆಂದು ನ್ಯಾಯಾಧೀಶರೆಲ್ಲರೂ ಏಕಾಭಿಪ್ರಾಯದಿಂದ ತೀರ್ಮಾನಿಸಿದರು. ಕೊಕ್ಕರೆಗೂ ನರಿಗೂ ಒಂದೇ ತಟ್ಟೆಯಲ್ಲಿ ಪಾಯಸವನ್ನು ಬಡಿಸಿದ ಕಥೆಯನ್ನು ನಾವು ಎಳೆಯ ಮಕ್ಕಳಿಗೆ ಹೇಳುತ್ತೇವೆ. ದೊಡ್ಡವರಿಗೆ ಅದನ್ನು ತಿಳಿಸಲು ಶ್ರೇಷ್ಠ ನ್ಯಾಯಾಲಯವೇ ಬೇಕಾಯಿತು.

ಅದರಿಂದ ವಿವಾದವೇನೂ ತೀರಲಿಲ್ಲ. ಕ್ಯಾಲಿಫೋರ್ನಿಯಾದ ಮತದಾರರು 1998ರಲ್ಲಿ ದ್ವಿಭಾಷಾ ಶಿಕ್ಷಣವನ್ನು ಬಹುಮಟ್ಟಿಗೆ ನಿಲ್ಲಿಸಿ, 2016ರಲ್ಲಿ ಆ ತಡೆಯನ್ನು ತಾವೇ ತೆಗೆದುಹಾಕಿದರು. 2025ರ ಮಾರ್ಚಿಯಲ್ಲಿ ಅಮೆರಿಕಾದ ಅಧ್ಯಕ್ಷರು ಇಂಗ್ಲೀಷನ್ನು ಇಡೀ ದೇಶದ ಅಧಿಕೃತ ಭಾಷೆಯೆಂದು ಆಜ್ಞೆ ಹೊರಡಿಸಿದರು. ಆ ದೇಶವು ತನ್ನ ಮನಸ್ಸನ್ನು ಹೀಗೆ ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಿರುವಾಗ, ನಮ್ಮ ಹಿರಿಯರು ಮಾತ್ರ ಇಲ್ಲಿ ಜಗಲಿಯ ಮೇಲೆ ಕುಳಿತು, ಅಲ್ಲಿಯವರಿಗಿಂತಲೂ ಮುಂಚಿತವಾಗಿ ಮೊಮ್ಮಕ್ಕಳ ಕನ್ನಡವನ್ನು ತ್ಯಾಗಮಾಡಲು ಸಿದ್ಧರಾಗಿರುವುದು ವಿಚಿತ್ರವಾಗಿದೆ. ಆ ತ್ಯಾಗವನ್ನು ಕೇಳಿದವರಾರು? ಅಲ್ಲಿಯೇ ಅನೇಕ ಊರುಗಳಲ್ಲಿ ಕನ್ನಡಿಗ ತಾಯಿತಂದೆಗಳು ವಾರದ ಕೊನೆಯಲ್ಲಿ ಮಕ್ಕಳನ್ನು ಕೂಡಿಸಿ ಅಕ್ಷರ ತಿದ್ದಿಸುತ್ತಿರುವರು. ಆ ಮಕ್ಕಳ ಇಂಗ್ಲೀಷು ಕೆಟ್ಟುಹೋಯಿತೆಂದು ಯಾರೂ ದೂರಿದ್ದನ್ನು ನಾನು ಕೇಳಿಲ್ಲ.

ಹೊಸ ದೇಶದ ಭಾಷೆಯನ್ನು ಮಗುವು ಚೆನ್ನಾಗಿ ಕಲಿಯಲೇಬೇಕು. ಇದರಲ್ಲಿ ನನಗೂ ವಾದಿಗಳಿಗೂ ಭೇದವಿಲ್ಲ. ಕರ್ನಾಟಕಕ್ಕೆ ಬಂದ ಮಗುವು ಕನ್ನಡವನ್ನು ಕಲಿಯಬೇಕೆಂದು 2015ರಲ್ಲಿ ನಮ್ಮ ಸರಕಾರವು ಶಾಸನ ಮಾಡಿದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬನು. ಕಲಿ ಎನ್ನುವುದು ಒಂದು, ಮರೆ ಎನ್ನುವುದು ಇನ್ನೊಂದು. ಮೊದಲನೆಯದನ್ನು ಸಾಧಿಸಲು ಎರಡನೆಯದು ಬೇಕೆಂಬುದಕ್ಕೆ ವಾದಿಗಳು ಇದುವರೆಗೆ ಒಂದು ಪ್ರಮಾಣವನ್ನೂ ತಂದಿಲ್ಲ. ಭಾಷೆಯು ಬುಟ್ಟಿಯಲ್ಲಿಟ್ಟ ಬದನೆಕಾಯಲ್ಲ, ಒಂದನ್ನು ತೆಗೆದರೆ ಇನ್ನೊಂದಕ್ಕೆ ಜಾಗವಾಗುವುದಕ್ಕೆ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡವನ್ನು ಓದಿ, ಕನ್ನಡ ಸಾಹಿತ್ಯಕ್ಕೆ ಒಡವೆಯಾದವರ ಹೆಸರುಗಳನ್ನು ಈ ಪತ್ರಿಕೆಯ ವಾಚಕರಿಗೆ ನಾನು ಹೇಳಬೇಕಾಗಿಲ್ಲ.

ಈ ಪ್ರಸಂಗದಲ್ಲಿ ನಮ್ಮ ಬೆನ್ನನ್ನೂ ಸ್ವಲ್ಪ ನೋಡಿಕೊಳ್ಳಬೇಕು. ಪರದೇಶದಿಂದ ಮರಳಿ ಬಂದ ಮಗುವೊಂದು ನಮ್ಮ ಶಾಲೆಯಲ್ಲಿ ಕನ್ನಡವನ್ನು ತಪ್ಪಾಗಿ ಆಡಿದರೆ, ಅಯ್ಯೋ ಎಷ್ಟು ಮುದ್ದಾಗಿ ಆಡುವುದೆಂದು ಮೆಚ್ಚುತ್ತೇವೆ. ಅದರ ಇಂಗ್ಲೀಷನ್ನು ಕೇಳಲು ಪಕ್ಕದ ತರಗತಿಯ ಉಪಾಧ್ಯಾಯರನ್ನೂ ಕರೆಯುತ್ತೇವೆ. ಕಟ್ಟಡದ ಕೂಲಿಗಾಗಿ ಬಂದವರ ಮಗುವು ತನ್ನ ಲಂಬಾಣಿ ಮಾತನ್ನೋ ಒಡಿಯಾ ಮಾತನ್ನೋ ಬೆರೆಸಿ ಆಡಿದರೆ ನಗುತ್ತೇವೆ. ಅದೂ ಬೇಡ, ರಾಯಚೂರು ಕಡೆಯ ಶುದ್ಧ ಕನ್ನಡವನ್ನೇ ಆಡಿದರೂ ಬೆಂಗಳೂರಿನ ತರಗತಿಯಲ್ಲಿ ನಗುವವರಿದ್ದಾರೆ. ಎರಡೂ ವಲಸೆಯ ಮಕ್ಕಳೇ, ಎರಡೂ ಎರಡು ಶಾಲೆಗಳನ್ನು ಕಂಡವೇ. ಒಂದರ ಗಂಟನ್ನು ಬಿಚ್ಚಿ ನೋಡಿ ಬೆರಗಾಗುವ ನಾವು ಇನ್ನೊಂದರ ಗಂಟನ್ನು ಬಾಗಿಲ ಹೊರಗಿಡಿಸುತ್ತೇವೆ. ಸೂಪಿನ ಶಾಲೆಯು ನ್ಯೂಯಾರ್ಕಿನಲ್ಲಿ ಮಾತ್ರವೇ ಇತ್ತೆಂದು ತಿಳಿಯಬೇಕಾಗಿಲ್ಲ.

ಕಾನೂನಿನ ಕೊರತೆಯಂತೂ ಇಲ್ಲ. 2010ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು, ಶಾಲೆಗೆ ಸೇರದೆ ಉಳಿದ ಅಥವಾ ನಡುವೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಯಲ್ಲಿಯೇ ಸೇರಿಸಿಕೊಳ್ಳಬೇಕೆಂದೂ, ಉಳಿದವರಿಗೆ ಸರಿಗಟ್ಟುವಂತೆ ಅದಕ್ಕೆ ವಿಶೇಷ ಪಾಠವನ್ನು ಪಡೆಯುವ ಹಕ್ಕಿದೆಯೆಂದೂ ಹೇಳುವುದು. ಸಾಧ್ಯವಾದಮಟ್ಟಿಗೆ ಮಾತೃಭಾಷೆಯಲ್ಲಿ ಬೋಧನೆಯಾಗಲೆಂದೂ ಅದರಲ್ಲಿದೆ. ಸೇರಿಸಿಕೊಳ್ಳುವ ಭಾಗವನ್ನು ನಮ್ಮವರು ನಡೆಸುವರು. ಅದು ದಾಖಲೆ ಪುಸ್ತಕದಲ್ಲಿ ಕಾಣುವುದು. ವಿಶೇಷ ಪಾಠದ ಭಾಗವು ಪುಸ್ತಕದಲ್ಲಿ ಕಾಣದು. ಆದಕಾರಣ ಅದಕ್ಕೆ ಲೋಪ ಬಂದರೆ ಕೇಳುವವರಿಲ್ಲ.

ಅಷ್ಟು ಉಪಾಧ್ಯಾಯರೆಲ್ಲಿ, ಅಷ್ಟು ಹೊತ್ತೆಲ್ಲಿ ಎಂಬುದು ಕಡೆಯ ಆಕ್ಷೇಪಣೆ. ಒಂದೊಂದು ಶಾಲೆಯಲ್ಲಿ ಹತ್ತು ಭಾಷೆಯ ಉಪಾಧ್ಯಾಯರನ್ನು ನೇಮಿಸಿರೆಂದು ನಾನು ಕೇಳುತ್ತಿಲ್ಲ. ಚೆಲ್ಸೀಯ ಮಿಸ್ ನಿಕ್ಸನ್ನಳಿಗೆ ಯಿದ್ದಿಷ್ ಬರುತ್ತಿತ್ತೆಂದು ಆಂಟಿನಳು ಎಲ್ಲಿಯೂ ಬರೆದಿಲ್ಲ. ಐದಾರು ಮಕ್ಕಳನ್ನು ಬೇರೆ ಕೂರಿಸಿಕೊಂಡಳು, ಅಷ್ಟೆ. ನಾನು ಕೇಳುವುದು ಅದಕ್ಕಿಂತಲೂ ಚಿಕ್ಕದು. ನಮ್ಮ ಜಿಲ್ಲೆಯ ಶಾಲೆಗಳ ದಾಖಲೆ ಪುಸ್ತಕದಲ್ಲಿ ಹುಟ್ಟಿದ ದಿನ, ತಂದೆಯ ಹೆಸರು, ಜಾತಿ, ಮಾತೃಭಾಷೆ ಇವುಗಳಿಗೆ ಅಂಕಣಗಳಿವೆ. ಇದರ ಮುಂದೆ ಎರಡು ಅಂಕಣಗಳು ಹೆಚ್ಚಾಗಲಿ: ಈ ಮಗುವು ಹಿಂದೆ ಯಾವ ಭಾಷೆಯಲ್ಲಿ ಯಾವ ಪಾಠದವರೆಗೆ ಓದಿದೆ ಎಂಬುದೊಂದು, ತನ್ನ ಹೆಸರನ್ನು ಅದು ತಾನೇ ಹೇಗೆ ಉಚ್ಚರಿಸುವುದು ಎಂಬುದೊಂದು. ಬರುವ ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುವುದಕ್ಕೆ ಮುಂಚೆ ನಮ್ಮ ಸಂಘದವರು ಈ ಸಂಬಂಧವಾಗಿ ವಿದ್ಯಾಧಿಕಾರಿಗಳಿಗೆ ಒಂದು ಮನವಿಯನ್ನು ಕಳುಹಿಸಬೇಕೆಂದು ಸೂಚಿಸುವೆನು. ಇದು ಸಲ್ಲದೆನ್ನುವವರು ತಮ್ಮ ಕಾರಣಗಳನ್ನು ಇದೇ ಪತ್ರಿಕೆಯಲ್ಲಿ ಬರೆಯಲಿ. ಉತ್ತರ ಕೊಡಲು ನಾನು ಸಿದ್ಧನಾಗಿದ್ದೇನೆ.